ಐಸಾಕ್ ಸ್ಟೀಫನ್ಸನ್: ಕೊಡಲಿ ಹಿಡಿದ ಹುಡುಗ ಶಾಸಕನಾದ ಕಥೆ – ಪದೇ ಪದೇ ಕೇಳುವ ಪ್ರಶ್ನೆಗಳು

ಯಾರು ಈ ಐಸಾಕ್ ಸ್ಟೀಫನ್ಸನ್?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದೊಡ್ಡ ಮರದ ವ್ಯಾಪಾರಿ. 1829ರ ಜೂನ್ 18ರಂದು ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ, ಫ್ರೆಡರಿಕ್ಟನ್ ಊರಿನ ಹತ್ತಿರ ಹುಟ್ಟಿದರು. ಹದಿನಾರರ ವಯಸ್ಸಿಗೆ ವಿಸ್ಕಾನ್ಸಿನ್ ತಲುಪಿದರು. ಕಾಡಿನಲ್ಲಿ ಕೂಲಿ ಕೆಲಸದಿಂದ ಶುರು ಮಾಡಿ ಸಾಮಿಲ್ಲುಗಳ ಒಡೆಯರಾದರು. 1866ರಲ್ಲಿ ಮತ್ತು 1868ರಲ್ಲಿ ರಾಜ್ಯದ ವಿಧಾನಸಭೆಗೆ ಹೋದರು. ಆಮೇಲೆ ವಾಷಿಂಗ್ಟನ್‌ಗೂ ಹೋದರು, ಅಲ್ಲಿ ಒಂದು ದೊಡ್ಡ ಚುನಾವಣಾ ಗಲಾಟೆಯಲ್ಲೂ ಸಿಕ್ಕಿಕೊಂಡರು. 1918ರ ಮಾರ್ಚ್ 15ರಂದು ತೀರಿಕೊಂಡರು.

ಊರಿನವರು ಅವರನ್ನು 'ಅಂಕಲ್ ಐಕ್' ಅನ್ನುತ್ತಿದ್ದರು. ಐಸಾಕ್ ಅನ್ನೋದರ ಮುದ್ದಿನ ರೂಪ ಐಕ್.

ಕೆನಡಾದಿಂದ ಬಂದವರನ್ನು ವಲಸಿಗರು ಅನ್ನಬಹುದಾ? ಪಕ್ಕದ ದೇಶ ಅಲ್ವಾ?

ಅನ್ನಬಹುದು. ಆಗ ಕೆನಡಾ ಎಂಬ ಒಂದು ದೇಶವೇ ಇರಲಿಲ್ಲ. ನ್ಯೂ ಬ್ರನ್ಸ್‌ವಿಕ್ ಬ್ರಿಟಿಷ್ ವಸಾಹತು, ಅಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳು. ಕೆನಡಾ ಒಕ್ಕೂಟ ಹುಟ್ಟಿದ್ದು 1867ರಲ್ಲಿ. ಅಷ್ಟು ಹೊತ್ತಿಗೆ ಸ್ಟೀಫನ್ಸನ್ ಗಡಿಯ ಈಚೆ ಒಂದು ಸಲ ಶಾಸಕರಾಗಿ ಮನೆಗೆ ಬಂದೂ ಆಗಿತ್ತು!

ಐರ್ಲೆಂಡ್‌ನಿಂದಲೋ ನಾರ್ವೆಯಿಂದಲೋ ವಾರಗಟ್ಟಲೆ ಹಡಗಿನಲ್ಲಿ ಬಂದವರ ಕಷ್ಟ ಇವರಿಗಿರಲಿಲ್ಲ, ನಿಜ. ಭಾಷೆಯ ತೊಡಕೂ ಇರಲಿಲ್ಲ. ಇನ್ನೊಂದು ಅನುಕೂಲವೂ ಇತ್ತು: ನ್ಯೂ ಬ್ರನ್ಸ್‌ವಿಕ್ ಕೂಡ ಮರದ ನಾಡೇ. ಅಲ್ಲಿನ ಹುಡುಗರಿಗೆ ಕೊಡಲಿ, ಹೊಳೆ, ದಿಮ್ಮಿ ಎಲ್ಲ ಚಿಕ್ಕಂದಿನಿಂದ ಗೊತ್ತು. ಅಂದರೆ ಅವರು ಬರಿಗೈಯಲ್ಲಿ ಬಂದರೂ ಕಸುಬು ಕೈಯಲ್ಲೇ ಇತ್ತು.

ವಿಸ್ಕಾನ್ಸಿನ್‌ಗೇ ಯಾಕೆ ಬಂದರು?

ಜೆಫರ್ಸನ್ ಸಿಂಕ್ಲೇರ್ ಎಂಬ ಮರದ ವ್ಯಾಪಾರಿಯ ಕಣ್ಣಿಗೆ ಈ ಹುಡುಗ ಬಿದ್ದ. ಸಿಂಕ್ಲೇರ್ ಅವನನ್ನು ಮೊದಲು ಮೇನ್ ರಾಜ್ಯದ ಬ್ಯಾಂಗರ್‌ಗೆ ಕರೆದುಕೊಂಡು ಹೋದರು. 1845ರಲ್ಲಿ ಅಲ್ಲಿಂದ ಮಿಲ್ವಾಕಿಗೆ. ಪೂರ್ವದ ಕಡೆ ಒಳ್ಳೆ ಪೈನ್ ಮರ ಕಡಿಮೆಯಾಗುತ್ತಾ ಬಂದಿತ್ತು. ಮಿಶಿಗನ್ ಸರೋವರದ ಸುತ್ತ ಇನ್ನೂ ಕೊಡಲಿ ಮುಟ್ಟದ ಕಾಡು ಇತ್ತು. ಮೇನ್‌ನ ಎಷ್ಟೋ ಮರದವರು ಹೀಗೆ ಕಾಡಿನ ಹಿಂದೆಯೇ ಪಶ್ಚಿಮಕ್ಕೆ ಹೊರಟರು.

ಮುಂದಿನ ಕೆಲವು ವರ್ಷ ಮಿಶಿಗನ್‌ನ ಎಸ್ಕನಾಬಾ ಸುತ್ತಿನ ಕಾಡುಗಳಲ್ಲಿ ಕೆಲಸ. 1858ರಲ್ಲಿ ಮೆನಾಮಿನಿ ನದಿ ಸರೋವರ ಸೇರುವ ಜಾಗದಲ್ಲಿದ್ದ ಮ್ಯಾರಿನೆಟ್ ಎಂಬ ಊರಿಗೆ ಬಂದು ನೆಲೆಸಿದರು. ಅಲ್ಲಿನ ಎನ್. ಲುಡಿಂಗ್ಟನ್ ಕಂಪನಿಯಲ್ಲಿ ಪಾಲು ತೆಗೆದುಕೊಂಡರು. ಕೊನೆ ತನಕ ಮ್ಯಾರಿನೆಟ್ಟೇ ಅವರ ಊರಾಯಿತು.

ಆಗಿನ ಮರದ ಕೆಲಸ ಹೇಗಿರುತ್ತಿತ್ತು?

ನಮ್ಮಲ್ಲಿ ಮರ ಕಡಿಯುವವರು ಮಳೆಗಾಲಕ್ಕೆ ಹೆದರುತ್ತಾರೆ. ಅಲ್ಲಿ ಎಲ್ಲ ಉಲ್ಟಾ: ಚಳಿಗಾಲ ಬಂದರೇನೇ ಕೆಲಸ. ನವೆಂಬರ್ ಹೊತ್ತಿಗೆ ಕೂಲಿಗಳು ಕಾಡಿಗೆ ಹೋಗಿ, ದಿಮ್ಮಿಗಳಿಂದಲೇ ಕಟ್ಟಿದ ಶೆಡ್‌ಗಳಲ್ಲಿ ವಸಂತದ ತನಕ ಇರುತ್ತಿದ್ದರು. ಉಪ್ಪು ಹಾಕಿದ ಹಂದಿ ಮಾಂಸ, ಬೇಯಿಸಿದ ಬೀನ್ಸ್, ಬ್ರೆಡ್ಡು, ಟೀ. ಅಡುಗೆಯವನು ಚೆನ್ನಾಗಿದ್ದರೆ ಒಳ್ಳೆ ಕೆಲಸಗಾರರು ಆ ಕ್ಯಾಂಪಿಗೆ ಬರುತ್ತಿದ್ದರು, ಇಲ್ಲದಿದ್ದರೆ ಪಕ್ಕದ ಕ್ಯಾಂಪಿಗೆ ಹೋಗುತ್ತಿದ್ದರು.

ಚಳಿಗಾಲವೇ ಯಾಕೆ ಅಂದರೆ, ದಾರಿ. ಮಣ್ಣಿನ ದಾರಿಯಲ್ಲಿ ದೊಡ್ಡ ದಿಮ್ಮಿ ಎಳೆಯಲು ಆಗುವುದಿಲ್ಲ. ಹಿಮ ಬಿದ್ದ ಮೇಲೆ ಜಾರುಗಾಡಿ ಕಟ್ಟಿ ಎಳೆಯಬಹುದು. ಆಮೇಲಾಮೇಲೆ ದಾರಿಗೆ ನೀರು ಸುರಿದು, ಅದು ಮಂಜುಗಡ್ಡೆಯಾಗಿ ಗಟ್ಟಿಯಾದ ಮೇಲೆ ಗಾಡಿ ಓಡಿಸುವ ಉಪಾಯವೂ ಬಂತು. ಕಾಕನಕೋಟೆ, ದಾಂಡೇಲಿ ಕಡೆ ಆನೆ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಮೊದಲು ಎತ್ತುಗಳು, ನಂತರ ಕುದುರೆಗಳು ಮಾಡಿದವು.

ಕಡಿದ ದಿಮ್ಮಿಗಳನ್ನೆಲ್ಲ ಹೆಪ್ಪುಗಟ್ಟಿದ ಹೊಳೆಯ ದಡದಲ್ಲಿ ರಾಶಿ ಹಾಕುತ್ತಿದ್ದರು. ಪ್ರತಿ ದಿಮ್ಮಿಯ ತುದಿಗೂ ಸುತ್ತಿಗೆಯಿಂದ ಮಾಲೀಕನ ಗುರುತು ಹೊಡೆಯುತ್ತಿದ್ದರು, ದನಕ್ಕೆ ಬರೆ ಹಾಕಿ ಗುರುತು ಮಾಡಿದ ಹಾಗೆ. ಏಪ್ರಿಲ್‌ನಲ್ಲಿ ಹಿಮ ಕರಗಿ ಹೊಳೆ ತುಂಬಿದಾಗ ರಾಶಿಯನ್ನು ನೀರಿಗೆ ಉರುಳಿಸುವುದು. ಅಲ್ಲಿಂದ ಶುರು ಅಪಾಯದ ಕೆಲಸ. ತಳದಲ್ಲಿ ಮೊಳೆ ಹೊಡೆದ ಬೂಟು ಹಾಕಿಕೊಂಡು, ಕೈಯಲ್ಲಿ ಕೊಕ್ಕೆ ಇರುವ ಕೋಲು ಹಿಡಿದು, ತೇಲುವ ದಿಮ್ಮಿಗಳ ಮೇಲೇ ಓಡಾಡುತ್ತಾ ಅವನ್ನು ಕೆಳಕ್ಕೆ ನಡೆಸಬೇಕು. ಆ ಕೋಲಿಗೆ 'ಪೀವಿ' ಅಂತ ಹೆಸರು. 1858ರಲ್ಲಿ ಮೇನ್‌ನ ಜೋಸೆಫ್ ಪೀವಿ ಎಂಬ ಕಮ್ಮಾರ ಅದನ್ನು ಮಾಡಿದ್ದು. ಒಂದು ದಿಮ್ಮಿ ಬಂಡೆಗೆ ಸಿಕ್ಕಿಕೊಂಡರೆ ಹಿಂದಿನವೆಲ್ಲ ಒಂದರ ಮೇಲೊಂದು ಏರಿ ಗುಡ್ಡವಾಗುತ್ತಿದ್ದವು. ಅದನ್ನು ಬಿಡಿಸಲು ಹೋದವರಲ್ಲಿ ಕೆಲವರು ವಾಪಸ್ ಬರುತ್ತಿರಲಿಲ್ಲ.

ಇಷ್ಟೆಲ್ಲ ಸಾಧ್ಯವಾಗಿದ್ದು ಬಿಳಿ ಪೈನ್ ಎಂಬ ಮರದಿಂದ. ಹಗುರ, ನೇರ, ಮೆದು, ಮುಖ್ಯವಾಗಿ ನೀರಿನಲ್ಲಿ ತೇಲುತ್ತದೆ. ಅದೇ ಕಾಡಿನಲ್ಲಿದ್ದ ಮೇಪಲ್‌ನಂಥ ಗಟ್ಟಿ ಮರಗಳು ಮುಳುಗಿಬಿಡುತ್ತವೆ. ಅದಕ್ಕೇ ರೈಲು ಬರುವ ತನಕ ಅವನ್ನು ಹೆಚ್ಚಿನವರು ಮುಟ್ಟಲಿಲ್ಲ.

ಇಷ್ಟೊಂದು ಹಲಗೆ ಯಾರಿಗೆ ಬೇಕಿತ್ತು?

ಶಿಕಾಗೋಗೆ. ಇಲಿನಾಯ್, ಅಯೋವಾ, ನೆಬ್ರಾಸ್ಕಾ ಕಡೆಯ ಹುಲ್ಲುಗಾವಲಿನಲ್ಲಿ ಲಕ್ಷಾಂತರ ಜನ ಬಂದು ಹೊಲ ಮಾಡುತ್ತಿದ್ದರು. ಅಲ್ಲಿ ಮರವೇ ಇಲ್ಲ. ಮನೆ, ಕೊಟ್ಟಿಗೆ, ಬೇಲಿ ಎಲ್ಲದಕ್ಕೂ ಹಲಗೆ ಹೊರಗಿಂದ ಬರಬೇಕು. ಮ್ಯಾರಿನೆಟ್‌ನಲ್ಲಿ ಕೊಯ್ದ ಹಲಗೆ ಹಡಗು ಹತ್ತಿ ಸರೋವರದಲ್ಲಿ ದಕ್ಷಿಣಕ್ಕೆ ಹೋಗಿ, ಶಿಕಾಗೋದಲ್ಲಿ ಇಳಿದು, ರೈಲು ಹತ್ತಿ ಹುಲ್ಲುಗಾವಲಿಗೆ ಹೋಗುತ್ತಿತ್ತು. ಆ ಕಾಲದಲ್ಲಿ ಜಗತ್ತಿನ ಅತಿ ದೊಡ್ಡ ಮರದ ಮಾರುಕಟ್ಟೆ ಶಿಕಾಗೋನೇ.

ಬೂಮ್ ಕಂಪನಿ ಅಂದರೆ ಏನು?

ಇದು ಸ್ವಲ್ಪ ಗಮನವಿಟ್ಟು ಓದಿ. ಇದು ಅರ್ಥವಾದರೆ ಸ್ಟೀಫನ್ಸನ್ ಅವರ ಅರ್ಧ ಬದುಕು ಅರ್ಥವಾದ ಹಾಗೆ.

ಹತ್ತಾರು ಕಂಪನಿಗಳ ದಿಮ್ಮಿಗಳು ಒಂದೇ ಹೊಳೆಯಲ್ಲಿ ಒಟ್ಟಿಗೆ ತೇಲಿ ಬರುತ್ತವೆ. ಕೆಳಗೆ ಅವನ್ನು ತಡೆಯದಿದ್ದರೆ ಸೀದಾ ಸರೋವರಕ್ಕೆ ಹೋಗಿಬಿಡುತ್ತವೆ. ಅದಕ್ಕೆ ಉದ್ದುದ್ದ ದಿಮ್ಮಿಗಳನ್ನು ಸರಪಳಿಯಿಂದ ಒಂದಕ್ಕೊಂದು ಜೋಡಿಸಿ ನೀರಿನ ಮೇಲೆ ಬೇಲಿ ಹಾಕುತ್ತಿದ್ದರು. ಅದೇ ಬೂಮ್. ಬೇಲಿಯೊಳಗೆ ಸಿಕ್ಕ ದಿಮ್ಮಿಗಳ ಗುರುತು ನೋಡಿ, ಇದು ಇವರದ್ದು ಅದು ಅವರದ್ದು ಅಂತ ಬೇರೆ ಮಾಡಿ ಆಯಾ ಮಿಲ್ಲಿಗೆ ಕಳಿಸುವುದು ಬೂಮ್ ಕಂಪನಿಯ ಕೆಲಸ. ಪ್ರತಿ ದಿಮ್ಮಿಗೂ ಲೆಕ್ಕ ಹಾಕಿ ಶುಲ್ಕ ತೆಗೆದುಕೊಳ್ಳುತ್ತಿದ್ದರು.

ಅಂದರೆ ಬೂಮ್ ಯಾರ ಕೈಯಲ್ಲಿದೆಯೋ ಹೊಳೆ ಅವರ ಕೈಯಲ್ಲಿದ್ದ ಹಾಗೆ. ಮೆನಾಮಿನಿ ನದಿಯ ಬೂಮ್ ಕಂಪನಿಯ ಅಧ್ಯಕ್ಷರು ಯಾರು ಗೊತ್ತಾ? ನಮ್ಮ ಅಂಕಲ್ ಐಕ್.

ಮರದ ವ್ಯಾಪಾರಿಗೆ ವಿಧಾನಸಭೆ ಯಾಕೆ ಬೇಕಿತ್ತು?

ದುಡ್ಡಾಯಿತು, ಇನ್ನು ಹೆಸರು ಬೇಕು ಅಂತ ಹೋದರು ಎಂದು ಸುಮ್ನೆ ಹೇಳಿ ಮುಗಿಸುವವರು ಇದ್ದಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಇನ್ನರ್ಧ ಹೊಳೆಯಲ್ಲಿದೆ.

ವಿಸ್ಕಾನ್ಸಿನ್ ಸಂವಿಧಾನ ಬಂದದ್ದು 1848ರಲ್ಲಿ. ಅದರ ಒಂಬತ್ತನೇ ವಿಧಿ ಹೇಳುವುದು ಇಷ್ಟು: ದೋಣಿ ಓಡಾಡುವ ನದಿಗಳೆಲ್ಲ ಎಲ್ಲರಿಗೂ ಸೇರಿದ ದಾರಿಗಳು, ಅವು ಯಾವತ್ತೂ ಮುಕ್ತವಾಗಿರಬೇಕು. ಕಾಡನ್ನು ದುಡ್ಡು ಕೊಟ್ಟು ಕೊಳ್ಳಬಹುದು. ಸರ್ಕಾರಿ ಜಮೀನು ಎಕರೆಗೆ ಒಂದೂಕಾಲು ಡಾಲರಿಗೆ ಸಿಗುತ್ತಿತ್ತು. ಮಿಲ್ಲನ್ನೂ ಕಟ್ಟಬಹುದು. ಆದರೆ ಹೊಳೆಯನ್ನು ಕೊಳ್ಳಲು ಆಗುವುದಿಲ್ಲ. ಹೊಳೆಗೆ ಅಡ್ಡ ಒಂದು ಸಣ್ಣ ಅಣೆ ಕಟ್ಟಬೇಕಾದರೂ, ಬೂಮ್ ಹಾಕಬೇಕಾದರೂ, ದಿಮ್ಮಿಗೆ ಇಷ್ಟು ಅಂತ ಶುಲ್ಕ ಎತ್ತಬೇಕಾದರೂ ವಿಧಾನಸಭೆಯ ಒಪ್ಪಿಗೆ ಬೇಕು. ಆ ದಿನಗಳಲ್ಲಿ ಇಂಥ ಒಂದೊಂದು ಅಣೆಗೆ, ಒಂದೊಂದು ಕಂಪನಿಗೆ ಬೇರೆ ಬೇರೆ ಕಾನೂನೇ ಮಾಡುತ್ತಿದ್ದರು.

ಹಾಗಾಗಿ ಮರದವರಿಗೆ ರಾಜಧಾನಿ ಮ್ಯಾಡಿಸನ್ ಅನ್ನೋದು ದೂರದ ರಾಜಕೀಯವಲ್ಲ, ಅವರ ಮಿಲ್ಲಿಗೆ ನೀರು ಬಿಡುವ ತೂಬು. ಇದೇ ವರ್ಷಗಳಲ್ಲಿ ರಾಜ್ಯದ ಪಶ್ಚಿಮದ ಚಿಪ್ಪೆವಾ ನದಿಯಲ್ಲಿ ಬೀಫ್ ಸ್ಲೂ ಎಂಬ ಜಾಗದ ಬೂಮ್ ಬಗ್ಗೆ ಮೇಲಿನ ಮಿಲ್ಲಿನವರಿಗೂ ಕೆಳಗಿನವರಿಗೂ ಜಗಳ ಹತ್ತಿತು. ಅದೂ ಮ್ಯಾಡಿಸನ್‌ಗೇ ಬಂತು. ಆಷ್‌ಕಾಷ್ ಊರಿನ ಮರದ ವ್ಯಾಪಾರಿ ಫಿಲೀಟಸ್ ಸಾಯರ್ ಸ್ಟೀಫನ್ಸನ್ ಅವರಿಗಿಂತ ಮೊದಲೇ ಶಾಸಕರಾಗಿದ್ದರು, ಆಮೇಲೆ ಸೆನೆಟರೂ (ಅಮೆರಿಕದ ಸಂಸತ್ತಿನ ಮೇಲ್ಮನೆಯ ಸದಸ್ಯ) ಆದರು.

ಪೌರತ್ವ ಪಡೆದು ಶಾಸಕನಾಗುವುದು ಕಷ್ಟವಿತ್ತಾ?

ಈಗಿನಷ್ಟು ಇರಲಿಲ್ಲ. ಅಮೆರಿಕದ ಪೌರತ್ವಕ್ಕೆ ಐದು ವರ್ಷ ಅಲ್ಲಿ ವಾಸವಿರಬೇಕಿತ್ತು. ಆದರೆ ವಿಸ್ಕಾನ್ಸಿನ್ ಇನ್ನೂ ಉದಾರ. ಹೊರದೇಶದಿಂದ ಬಂದ ಬಿಳಿ ಗಂಡಸು 'ನಾನು ಪೌರನಾಗುತ್ತೇನೆ' ಅಂತ ಬರೆದುಕೊಟ್ಟು, ರಾಜ್ಯದಲ್ಲಿ ಒಂದು ವರ್ಷ ಇದ್ದರೆ ಸಾಕು, ವೋಟು ಹಾಕಬಹುದಿತ್ತು. ವೋಟಿನ ಹಕ್ಕಿದ್ದು ಒಂದು ವರ್ಷ ವಾಸವಿದ್ದವರು ಶಾಸಕರಾಗಲೂಬಹುದಿತ್ತು. ಹೊಸ ರಾಜ್ಯಕ್ಕೆ ಜನ ಬೇಕಿತ್ತು, ಅದಕ್ಕೇ ಬಾಗಿಲು ತೆರೆದಿಟ್ಟಿದ್ದರು. ಈ ಅವಕಾಶ 1908ರ ತನಕ ಇತ್ತು.

'ಬಿಳಿ ಗಂಡಸು' ಅನ್ನೋದನ್ನು ಗಮನಿಸಿ. ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ.

ಸ್ಟೀಫನ್ಸನ್ ಶಾಸಕರಾದಾಗ ರಾಜ್ಯಕ್ಕೆ ಬಂದು ಇಪ್ಪತ್ತು ವರ್ಷ ಆಗಿತ್ತು.

ಎರಡೇ ವರ್ಷ ಶಾಸಕರಾ? ಅದೂ ಬಿಟ್ಟು ಬಿಟ್ಟು?

ಹೌದು. ಆಗ ವಿಸ್ಕಾನ್ಸಿನ್ ವಿಧಾನಸಭೆಯ ಅವಧಿಯೇ ಒಂದು ವರ್ಷ. ಜನವರಿಯಲ್ಲಿ ಸೇರಿ, ವಸಂತ ಬರುವಷ್ಟರಲ್ಲಿ ಮುಗಿಸುತ್ತಿದ್ದರು. 1866ರಲ್ಲಿ ಒಂದು ಸಲ, 1868ರಲ್ಲಿ ಇನ್ನೊಂದು ಸಲ, ರಿಪಬ್ಲಿಕನ್ ಪಕ್ಷದಿಂದ.

ಮರದವರಿಗೆ ಇದರಲ್ಲಿ ಒಂದು ಕಷ್ಟ ಇತ್ತು. ಅಧಿವೇಶನ ನಡೆಯುವ ತಿಂಗಳುಗಳೇ ಕಾಡಿನಲ್ಲಿ ಕೆಲಸ ಜೋರಾಗಿರುವ ತಿಂಗಳುಗಳು. ಪ್ರಯಾಣವೂ ಸುಲಭವಲ್ಲ. ರೈಲು ಆಗ ಗ್ರೀನ್ ಬೇ ಹತ್ತಿರದ ಫೋರ್ಟ್ ಹೋವರ್ಡ್ ತನಕ ಮಾತ್ರ ಬಂದಿತ್ತು. ಮ್ಯಾರಿನೆಟ್‌ಗೆ ರೈಲು ಬಂದದ್ದು 1871ರ ಹೊತ್ತಿಗೆ. ಅಂದರೆ ಶಾಸಕರು ಮೊದಲು ಹಿಮದ ಮೇಲೆ ಜಾರುಗಾಡಿಯಲ್ಲಿ ಎಂಬತ್ತು ಕಿಲೋಮೀಟರಿಗೂ ಜಾಸ್ತಿ ದೂರ ಹೋಗಿ, ಅಲ್ಲಿ ರೈಲು ಹಿಡಿಯಬೇಕು. ಮ್ಯಾರಿನೆಟ್ ಆಗ ಬೇರೆ ಜಿಲ್ಲೆಯೂ ಆಗಿರಲಿಲ್ಲ, ಒಕಾಂಟೋ ಜಿಲ್ಲೆಯ ಒಂದು ಭಾಗ. 1879ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು.

ಸ್ಟರ್ಜನ್ ಬೇ ಕಾಲುವೆಗೂ ಅವರಿಗೂ ಏನು ಸಂಬಂಧ?

ಭೂಪಟ ತೆಗೆದು ನೋಡಿ. ಮ್ಯಾರಿನೆಟ್ ಇರುವುದು ಗ್ರೀನ್ ಬೇ ಎಂಬ ಕೊಲ್ಲಿಯ ದಡದಲ್ಲಿ. ಕೊಲ್ಲಿಗೂ ದೊಡ್ಡ ಸರೋವರಕ್ಕೂ ನಡುವೆ ಡೋರ್ ಎಂಬ ನೆಲದ ಚಾಚು ಹೆಬ್ಬೆರಳಿನ ಹಾಗೆ ನಿಂತಿದೆ. ಹಲಗೆ ಹಡಗುಗಳು ಅದರ ತುದಿ ಸುತ್ತಿ ಹೋಗಬೇಕಿತ್ತು. ಅಲ್ಲಿನ ನೀರಿನ ಹೆಸರೇ 'ಸಾವಿನ ಬಾಗಿಲು'. ಎಷ್ಟೋ ಹಡಗುಗಳನ್ನು ನುಂಗಿದ ಜಾಗ.

ಹೆಬ್ಬೆರಳಿನ ನಡುವೆ ಸ್ಟರ್ಜನ್ ಬೇ ಎಂಬ ಒಳಚಾಚು ಬಹುಪಾಲು ಅಡ್ಡ ಬಂದಿದೆ. ಉಳಿದ ಸ್ವಲ್ಪ ನೆಲ ಅಗೆದರೆ ಸೀದಾ ಸರೋವರಕ್ಕೆ ದಾರಿ. 1866ರಲ್ಲಿ ಅಮೆರಿಕದ ಸಂಸತ್ತು ಈ ಕಾಲುವೆಗಾಗಿ 2,00,000 ಎಕರೆ ಜಮೀನನ್ನು ವಿಸ್ಕಾನ್ಸಿನ್ ರಾಜ್ಯಕ್ಕೆ ಕೊಟ್ಟಿತು. ಆ ಜಮೀನು ಮಾರಿ ಕಾಲುವೆ ತೋಡಬೇಕು ಅನ್ನೋದು ಲೆಕ್ಕ. ಕಾಲುವೆ ಕಂಪನಿಯ ಹಿಂದೆ ಇದ್ದವರು ಶಿಕಾಗೋದ ಮೊದಲ ಮೇಯರ್ ವಿಲಿಯಂ ಆಗ್ಡೆನ್ ಮತ್ತು ಸ್ಟೀಫನ್ಸನ್. ಅದೇ 1866ರಲ್ಲಿ ಸ್ಟೀಫನ್ಸನ್ ಶಾಸಕರೂ ಹೌದು. ಕಾಲುವೆಯಿಂದ ಎಲ್ಲ ಹಡಗಿನವರಿಗೂ ಲಾಭವಾಯಿತು, ಆದರೆ ಮೊದಲ ಲಾಭ ಯಾರಿಗೆ ಅಂತ ಬೇರೆ ಹೇಳಬೇಕಾ?

1872ರಲ್ಲಿ ಅಗೆಯಲು ಶುರು ಮಾಡಿದರು, 1880ರ ದಶಕದ ಆರಂಭಕ್ಕೆ ದೊಡ್ಡ ಹಡಗು ಓಡಾಡತೊಡಗಿದವು. ಕಾಲುವೆ ಈಗಲೂ ಇದೆ.

ಪೆಷ್ಟಿಗೋ ಬೆಂಕಿ ಅಂದರೆ ಏನು? ಅದರಲ್ಲಿ ಸ್ಟೀಫನ್ಸನ್ ಪಾತ್ರವೇನು?

1871ರ ಅಕ್ಟೋಬರ್ 8, ಭಾನುವಾರ ರಾತ್ರಿ. ಅದೇ ರಾತ್ರಿ ಶಿಕಾಗೋ ನಗರ ಹೊತ್ತಿ ಉರಿಯಿತು, ಆ ಸುದ್ದಿ ಜಗತ್ತಿಗೆಲ್ಲ ಗೊತ್ತು. ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಜನ ಸತ್ತದ್ದು ಮ್ಯಾರಿನೆಟ್‌ನಿಂದ ಸುಮಾರು 10 ಕಿಲೋಮೀಟರ್ ದೂರದ ಪೆಷ್ಟಿಗೋ ಸುತ್ತಮುತ್ತ. ಸುಮಾರು 12 ಲಕ್ಷ ಎಕರೆ ಸುಟ್ಟುಹೋಯಿತು. ಸತ್ತವರು ಕನಿಷ್ಠ 1,200, ಕೆಲವರ ಅಂದಾಜಿನಲ್ಲಿ 2,500. ಅಮೆರಿಕದ ಇತಿಹಾಸದಲ್ಲಿ ಅತಿ ಹೆಚ್ಚು ಜನರನ್ನು ಕೊಂದ ಕಾಡ್ಗಿಚ್ಚು ಇವತ್ತಿಗೂ ಇದೇ.

ಪೆಷ್ಟಿಗೋ ಅಂದರೆ ಕಂಪನಿ ಊರು. ಪೆಷ್ಟಿಗೋ ಕಂಪನಿಯ ಮುಖ್ಯ ಒಡೆಯರು ಅದೇ ಆಗ್ಡೆನ್, ಜೊತೆಗೆ ಸ್ಟೀಫನ್ಸನ್ ಪಾಲುದಾರರು. ಅಲ್ಲಿ ಸಾಮಿಲ್ಲು ಇತ್ತು. ಮರದ ಬಕೆಟ್ಟು, ತೊಟ್ಟಿ, ಪೊರಕೆ ಹಿಡಿ, ಬಟ್ಟೆ ಕ್ಲಿಪ್ಪು ಮಾಡುವ ದೊಡ್ಡ ಕಾರ್ಖಾನೆ ಇತ್ತು. ಮನೆಗಳು ಮರದ್ದು, ಕಾಲುದಾರಿ ಮರದ ಹಲಗೆಯದ್ದು, ಬೀದಿಗೆ ಧೂಳು ಏಳದಿರಲಿ ಅಂತ ಹಾಕಿದ್ದು ಮರದ ಹೊಟ್ಟು. ಆ ಬೇಸಿಗೆಯಲ್ಲಿ ಮಳೆಯೇ ಇಲ್ಲ. ಒಂದು ರಾತ್ರಿಯಲ್ಲಿ ಊರಿಗೆ ಊರೇ ಇಲ್ಲವಾಯಿತು. ಉಳಿದವರಲ್ಲಿ ಬಹಳ ಜನ ರಾತ್ರಿಯೆಲ್ಲ ಹೊಳೆಯ ತಣ್ಣೀರಿನಲ್ಲಿ ನಿಂತು, ತಲೆಗೆ ನೀರು ಹಾಕಿಕೊಳ್ಳುತ್ತಾ ಬದುಕಿದವರು. ಗುರುತು ಸಿಗದ 350ಕ್ಕೂ ಹೆಚ್ಚು ಜನರನ್ನು ಒಂದೇ ಗುಂಡಿಯಲ್ಲಿ ಮಣ್ಣು ಮಾಡಿದರು.

ಮ್ಯಾರಿನೆಟ್‌ನ ಹೊಳೆಬಾಯಿಯಲ್ಲಿದ್ದ ಮೆನಕಾನಿ ಎಂಬ ಭಾಗ ಸುಟ್ಟಿತು, ಆದರೆ ಮುಖ್ಯ ಊರು ಉಳಿಯಿತು. ಪೆಷ್ಟಿಗೋದಲ್ಲಿ ಗಾಯಗೊಂಡವರನ್ನೂ ಬದುಕುಳಿದವರನ್ನೂ ಮ್ಯಾರಿನೆಟ್‌ಗೆ ತಂದು ನೋಡಿಕೊಂಡರು. ಆ ಕೆಲಸಕ್ಕೆ ಮುಂದೆ ನಿಂತವರಲ್ಲಿ ಸ್ಟೀಫನ್ಸನ್ ಒಬ್ಬರು.

ಇಲ್ಲೊಂದು ವಿಷಯ ಹೇಳಲೇಬೇಕು. ತಂತಿ ಕಂಬಗಳೆಲ್ಲ ಸುಟ್ಟಿದ್ದರಿಂದ ಸುದ್ದಿ ರಾಜಧಾನಿ ತಲುಪಲು ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಗವರ್ನರ್ ಲೂಷಿಯಸ್ ಫೇರ್‌ಚೈಲ್ಡ್ ಶಿಕಾಗೋಗೆ ನೆರವು ಕೊಡಲು ಹೊರಟುಹೋಗಿದ್ದರು. ಅವರ ಹೆಂಡತಿ ಫ್ರಾನ್ಸಿಸ್, ಇನ್ನೂ ಇಪ್ಪತ್ತನಾಲ್ಕರ ಹೆಣ್ಣುಮಗಳು, ಶಿಕಾಗೋಗೆ ಹೊರಟಿದ್ದ ಸಾಮಾನಿನ ರೈಲನ್ನು ಉತ್ತರಕ್ಕೆ ತಿರುಗಿಸಿದರು. ರೈಲಿನಲ್ಲಿ ಹೊದಿಕೆ ಕಡಿಮೆ ಇದೆ ಅಂತ ಮ್ಯಾಡಿಸನ್‌ನ ಹೆಂಗಸರಿಂದ ಕಂಬಳಿ ಕೇಳಿ ತುಂಬಿಸಿದರು. ಆಗ ಆಕೆಗೆ ವೋಟಿನ ಹಕ್ಕೂ ಇರಲಿಲ್ಲ.

ಆ ಬೆಂಕಿಗೆ ಮರದವರೇ ಕಾರಣವಾ?

ಅವರೂ ಕಾರಣ. ಮರ ಕಡಿದ ಮೇಲೆ ಕೊಂಬೆ, ಸೊಪ್ಪು, ತೊಗಟೆ ಎಲ್ಲ ಅಲ್ಲೇ ಬಿಟ್ಟು ಹೋಗುವುದು ಆಗಿನ ಪದ್ಧತಿ. ಒಣಗಿದರೆ ಅದು ಬೆಂಕಿಪೊಟ್ಟಣವೇ. ರೈತರು ಹೊಲ ಮಾಡಲು ಪೊದೆಗೆ ಬೆಂಕಿ ಇಡುತ್ತಿದ್ದರು. ಮ್ಯಾರಿನೆಟ್ ಕಡೆಗೆ ರೈಲು ದಾರಿ ಹಾಕುತ್ತಿದ್ದವರೂ ಕಡಿದದ್ದನ್ನು ಸುಡುತ್ತಿದ್ದರು. ಅಲ್ಲಲ್ಲಿ ಸಣ್ಣಸಣ್ಣ ಬೆಂಕಿ ಉರಿಯುವುದು ಅಲ್ಲಿಯವರಿಗೆ ಮಾಮೂಲಾಗಿಬಿಟ್ಟಿತ್ತು. ಆ ಭಾನುವಾರ ಜೋರು ಗಾಳಿ ಬಂದು ಎಲ್ಲವನ್ನೂ ಒಂದು ಮಾಡಿತು. ಒಬ್ಬರ ಮೇಲೆ ಬೆರಳು ತೋರಿಸಿದರೆ ತಪ್ಪಾಗುತ್ತದೆ, ಯಾರ ಮೇಲೂ ತೋರಿಸದಿದ್ದರೂ ತಪ್ಪೇ.

ಕಂಪನಿ ಆ ಬಕೆಟ್ ಕಾರ್ಖಾನೆಯನ್ನು ಮತ್ತೆ ಕಟ್ಟಲಿಲ್ಲ.

ವಾಷಿಂಗ್ಟನ್‌ಗೆ ಯಾವಾಗ ಹೋದರು?

1883ರಿಂದ 1889ರ ತನಕ ಮೂರು ಅವಧಿ ಪ್ರತಿನಿಧಿ ಸಭೆಯ, ಅಂದರೆ ಅಮೆರಿಕದ ಸಂಸತ್ತಿನ ಕೆಳಮನೆಯ, ಸದಸ್ಯರು. ಅವರು ಬಿಟ್ಟ 1889ರಲ್ಲೇ ಅವರ ತಮ್ಮ ಸ್ಯಾಮುಯೆಲ್ ಅದೇ ಸಭೆಗೆ ಬಂದರು, ಆದರೆ ಬೇರೆ ರಾಜ್ಯದಿಂದ! ಮೆನಾಮಿನಿ ನದಿಯ ಈ ದಡ ವಿಸ್ಕಾನ್ಸಿನ್, ಆ ದಡ ಮಿಶಿಗನ್. ಅಣ್ಣ ಈ ದಡದ ಮ್ಯಾರಿನೆಟ್‌ನಲ್ಲಿ, ತಮ್ಮ ಆ ದಡದ ಮೆನಾಮಿನಿ ಊರಿನಲ್ಲಿ. ಸ್ಯಾಮುಯೆಲ್ ಕೂಡ ಮರದ ವ್ಯಾಪಾರಿ, ಮಿಶಿಗನ್‌ನ ವಿಧಾನಸಭೆಯಲ್ಲೂ ಮೇಲ್ಮನೆಯಲ್ಲೂ ಕೂತವರು. ಒಂದು ಹೊಳೆ, ಎರಡು ದಡ, ಒಂದೇ ಮನೆತನ.

ಲಾ ಫಾಲೆಟ್ ಜೊತೆ ಇವರ ಸ್ನೇಹ ಹೇಗೆ?

ರಾಬರ್ಟ್ ಲಾ ಫಾಲೆಟ್ ಅಂದರೆ ವಿಸ್ಕಾನ್ಸಿನ್‌ನ ದೊಡ್ಡ ಸುಧಾರಕ. ಕಂಪನಿಗಳ ಹಿಡಿತದಿಂದ ರಾಜಕೀಯವನ್ನು ಬಿಡಿಸುತ್ತೇನೆ ಅಂತ ಹೊರಟವರು. ಅವರ ಬೆನ್ನಿಗೆ ದುಡ್ಡು ಹಾಕಿದವರು ಒಬ್ಬ ದೊಡ್ಡ ಕಂಪನಿಯ ಒಡೆಯ! ವಿಚಿತ್ರ ಜೋಡಿ ಅನ್ನಿಸುತ್ತದೆ, ಅಲ್ವಾ?

ಒಳಗಿನ ಕಾರಣ ಹೀಗೆ. ಆಗ ಸೆನೆಟರನ್ನು ಜನ ಆರಿಸುತ್ತಿರಲಿಲ್ಲ. ನಮ್ಮ ರಾಜ್ಯಸಭೆಗೆ ಈಗಲೂ ಶಾಸಕರು ವೋಟು ಹಾಕುವ ಹಾಗೆ, ಅಲ್ಲೂ ರಾಜ್ಯದ ಶಾಸಕರೇ ಆರಿಸುತ್ತಿದ್ದರು. 1899ರಲ್ಲಿ ಸ್ಟೀಫನ್ಸನ್ ಆ ಸ್ಥಾನಕ್ಕೆ ಆಸೆಪಟ್ಟರು. ಪಕ್ಷದ ಹಳೇ ಮುಖಂಡರು ಅವರನ್ನು ಬಿಟ್ಟು ಜೋಸೆಫ್ ಕ್ವಾರ್ಲ್ಸ್ ಅವರನ್ನು ಮಾಡಿದರು. ಆ ಸಿಟ್ಟು ಅವರನ್ನು ಹಳೇ ಮುಖಂಡರ ಎದುರಾಳಿ ಲಾ ಫಾಲೆಟ್ ಹತ್ತಿರ ಒಯ್ದಿತು. 1900ರಲ್ಲಿ ಲಾ ಫಾಲೆಟ್ ಗವರ್ನರ್ ಚುನಾವಣೆ ಗೆದ್ದರು. ದೊಡ್ಡ ಪತ್ರಿಕೆಗಳು ತಮ್ಮ ಗುಂಪಿನ ಪರ ಬರೆಯುವುದಿಲ್ಲ ಅಂತ 1901ರಲ್ಲಿ ಸ್ಟೀಫನ್ಸನ್ 'ಮಿಲ್ವಾಕಿ ಫ್ರೀ ಪ್ರೆಸ್' ಎಂಬ ಪತ್ರಿಕೆಯನ್ನೇ ಶುರು ಮಾಡಿಸಿದರು.

1907ರಲ್ಲಿ ಸೆನೆಟರ್ ಜಾನ್ ಸ್ಪೂನರ್ ರಾಜೀನಾಮೆ ಕೊಟ್ಟಾಗ ಶಾಸಕರು ಸ್ಟೀಫನ್ಸನ್ ಅವರನ್ನು ಆರಿಸಿದರು. ಆಗ ಅವರಿಗೆ 77 ವರ್ಷ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಹೊಸ ಕೆಲಸ.

1,07,793 ಡಾಲರಿನ ಗಲಾಟೆ ಏನದು?

ಲಾ ಫಾಲೆಟ್ ತಂದ ಸುಧಾರಣೆಗಳಲ್ಲಿ ದೊಡ್ಡದು ಪ್ರೈಮರಿ ಚುನಾವಣೆ. ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನೋದನ್ನು ಮುಖಂಡರು ಕೋಣೆಯೊಳಗೆ ಕೂತು ತೀರ್ಮಾನಿಸುವುದಲ್ಲ, ಸಾಮಾನ್ಯ ಮತದಾರರೇ ವೋಟು ಹಾಕಿ ಹೇಳುವುದು. 1908ರಲ್ಲಿ ಸೆನೆಟ್ ಸ್ಥಾನಕ್ಕೂ ಹೀಗೆ ಪ್ರೈಮರಿ ನಡೆಯಿತು. ಸ್ಟೀಫನ್ಸನ್ ಗೆದ್ದರು. ಖರ್ಚು ಮಾಡಿದ್ದು 1,07,793 ಡಾಲರ್.

ಇದು ಎಷ್ಟು ದೊಡ್ಡ ಮೊತ್ತ? ಆಗ ಸೆನೆಟರಿನ ಸಂಬಳ ವರ್ಷಕ್ಕೆ 7,500 ಡಾಲರ್. ಆರು ವರ್ಷದ ಇಡೀ ಅವಧಿಗೆ 45,000. ಅಂದರೆ ಪೂರ್ತಿ ಸಂಬಳದ ಎರಡು ಪಟ್ಟಿಗಿಂತ ಜಾಸ್ತಿ ದುಡ್ಡು ಪಕ್ಷದೊಳಗಿನ ಒಂದು ಚುನಾವಣೆಗೇ ಸುರಿದರು. ಊರೂರಿಗೆ ಪ್ರಚಾರಕರನ್ನು ಇಟ್ಟರು, ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸಿದರು, ರಾಶಿರಾಶಿ ಕಾಗದ ಅಂಚೆಗೆ ಹಾಕಿಸಿದರು.

ಮುಖಂಡರ ಹಿಡಿತ ತಪ್ಪಿಸಲು ಮಾಡಿದ ವ್ಯವಸ್ಥೆ ಇನ್ನೊಂದು ಬಾಗಿಲು ತೆರೆದಿತ್ತು. ಇಡೀ ರಾಜ್ಯದ ಮತದಾರರನ್ನು ತಲುಪಬೇಕಾದರೆ ದುಡ್ಡು ಬೇಕು. ದುಡ್ಡು ಇದ್ದದ್ದು ಅಂಕಲ್ ಐಕ್ ಹತ್ತಿರ.

ಅದು ಲಂಚವಾ? ಸ್ಥಾನ ಹೋಯಿತಾ?

ಸ್ಥಾನ ಉಳಿಯಿತು. ಆದರೆ ಕಷ್ಟಪಟ್ಟು. ಪ್ರೈಮರಿ ಗೆದ್ದ ಮೇಲೂ ಶಾಸಕರ ವೋಟು ಬೇಕಿತ್ತಲ್ಲ, 1909ರಲ್ಲಿ ಅವರದ್ದೇ ಪಕ್ಷದ ಹಲವರು ವೋಟು ಕೊಡದೆ ವಾರಗಟ್ಟಲೆ ಎಳೆದಾಡಿದರು. ರಾಜ್ಯದ ಮೇಲ್ಮನೆಯ ಜಾನ್ ಬ್ಲೇನ್ ಎಂಬ ಯುವ ಸದಸ್ಯ ಭ್ರಷ್ಟಾಚಾರದ ಆರೋಪ ಹೊರಿಸಿದರು. ಇದೇ ಬ್ಲೇನ್ ಮುಂದೆ ಗವರ್ನರ್ ಆದರು, ಸೆನೆಟರೂ ಆದರು. ವಿಚಾರಣೆ ವಾಷಿಂಗ್ಟನ್ ತನಕ ಹೋಯಿತು. 1912ರ ಮಾರ್ಚ್ 27ರಂದು ಸೆನೆಟ್‌ನಲ್ಲಿ ವೋಟು ಹಾಕಿದರು: ಪರ 40, ವಿರೋಧ 34. ಮೂರು ಜನ ಆಚೆ ಕಡೆ ಹೋಗಿದ್ದರೆ ಸಮ ಸಮ.

ವೋಟಿಗೆ ಇಷ್ಟು ಅಂತ ನೇರವಾಗಿ ಕೊಟ್ಟರು ಅಂತ ಸಾಬೀತಾಗಲಿಲ್ಲ. ಅಷ್ಟೊಂದು ಖರ್ಚು ಮಾಡಬಾರದು ಅಂತ ಕಾನೂನೂ ಆಗ ಇರಲಿಲ್ಲ. ಹಾಗಾಗಿ 'ತಪ್ಪು ಆದರೆ ಅಪರಾಧವಲ್ಲ' ಅನ್ನುವ ಜಾಗದಲ್ಲಿ ಅದು ನಿಂತಿತು. ಈ ಗಲಾಟೆಯ ನಡುವೆಯೇ, 1911ರಲ್ಲಿ, ವಿಸ್ಕಾನ್ಸಿನ್ ಚುನಾವಣಾ ಖರ್ಚಿಗೆ ಮಿತಿ ಹಾಕುವ ಕಾನೂನು ಮಾಡಿತು.

1912ರ ಜುಲೈನಲ್ಲಿ ಇಲಿನಾಯ್‌ನ ಸೆನೆಟರ್ ವಿಲಿಯಂ ಲಾರಿಮರ್ ಇಂಥದ್ದೇ ವಿಚಾರಣೆಯಲ್ಲಿ ಸ್ಥಾನ ಕಳೆದುಕೊಂಡರು. ಅವರೂ ವಲಸಿಗರೇ, ಇಂಗ್ಲೆಂಡಿನಲ್ಲಿ ಹುಟ್ಟಿದವರು. ಸೆನೆಟರನ್ನು ಜನರೇ ನೇರವಾಗಿ ಆರಿಸಬೇಕು ಎಂಬ ಹದಿನೇಳನೇ ತಿದ್ದುಪಡಿ 1913ರಲ್ಲಿ ಜಾರಿಗೆ ಬಂತು. ಈ ಎರಡು ಪ್ರಕರಣಗಳ ಬಿಸಿ ಇನ್ನೂ ಆರಿರಲಿಲ್ಲ.

ಲಾ ಫಾಲೆಟ್ ಮತ್ತು ಸ್ಟೀಫನ್ಸನ್ ಅಷ್ಟರಲ್ಲಿ ದೂರವಾಗಿದ್ದರು.

ಆ ಕಾಡು ಮೊದಲು ಯಾರದ್ದಾಗಿತ್ತು? ಈಗ ಏನಾಗಿದೆ?

ಈ ಪ್ರಶ್ನೆಯನ್ನು ಬಹಳ ಜನ ಕೇಳುವುದಿಲ್ಲ, ಕೇಳಬೇಕು. ಅದು ಮೆನಾಮಿನಿ ಜನಾಂಗದ ನೆಲ. ನದಿಗೂ ಊರಿಗೂ ಅವರದ್ದೇ ಹೆಸರು. ಮ್ಯಾರಿನೆಟ್ ಅನ್ನೋದು ಕೂಡ ಆ ಜನಾಂಗದ ರಕ್ತಸಂಬಂಧವಿದ್ದ, ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹೆಣ್ಣುಮಗಳೊಬ್ಬಳ ಹೆಸರು. 1836ರ ಒಪ್ಪಂದದಲ್ಲಿ ಮೆನಾಮಿನಿಗಳು ಸುಮಾರು 40 ಲಕ್ಷ ಎಕರೆ ಬಿಟ್ಟುಕೊಡಬೇಕಾಯಿತು. 1854ರಲ್ಲಿ ವುಲ್ಫ್ ನದಿಯ ಬಳಿ ಒಂದು ತುಂಡು ನೆಲ ಅವರಿಗೆ ಉಳಿಯಿತು.

ಸ್ಟೀಫನ್ಸನ್ ಕಾಲದ ವ್ಯಾಪಾರಿಗಳಿಗೆ ಕಾಡು ಮುಗಿಯುತ್ತದೆ ಅಂತ ಗೊತ್ತಿತ್ತು, ಆದರೂ ಕಡಿದರು. ಕೆಲವರು 40 ಎಕರೆ ಕೊಂಡು, ಸುತ್ತಲಿನ ಸರ್ಕಾರಿ ಕಾಡನ್ನೂ ನೈಸಾಗಿ ಕಡಿದುಬಿಡುತ್ತಿದ್ದರು. ಅಂಥ ಜಮೀನಿಗೆ 'ದುಂಡು ನಲವತ್ತು' ಅಂತ ಅಡ್ಡಹೆಸರೇ ಇತ್ತು. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ದೊಡ್ಡ ಪೈನ್ ಮರಗಳು ಮುಗಿಯುತ್ತಾ ಬಂದವು. ಉಳಿದದ್ದು ಬುಡಗಳ ಬಯಲು. ಆ ಬಯಲನ್ನು ಹೊಲ ಮಾಡಿಕೊಳ್ಳಿ ಅಂತ ಹೊಸ ವಲಸಿಗರಿಗೆ ಮಾರಿದರು. ಮಣ್ಣು ತೆಳು, ಚಳಿ ಜಾಸ್ತಿ, ಬುಡ ಕೀಳುವಷ್ಟರಲ್ಲೇ ಎಷ್ಟೋ ಜನರ ಆಯಸ್ಸು ಮುಗಿಯಿತು.

ಮೆನಾಮಿನಿಗಳ ಪಾಲಿನ ಕಾಡು ಮಾತ್ರ ಇವತ್ತಿಗೂ ದಟ್ಟವಾಗಿದೆ. ಅವರೂ ಮರ ಕಡಿಯುತ್ತಾರೆ, ಅವರದ್ದೇ ಸಾಮಿಲ್ಲೂ ಇದೆ. ಬಲಿತದ್ದನ್ನು ಆರಿಸಿ ತೆಗೆಯುತ್ತಾರೆ, ಬೆಳೆಯುವಷ್ಟೇ ಕಡಿಯುತ್ತಾರೆ. ಆ ಮಿಲ್ಲಿಗೆ 1908ರಲ್ಲಿ ಸಂಸತ್ತಿನಲ್ಲಿ ಕಾನೂನು ಮಾಡಿಸಿದವರು ಲಾ ಫಾಲೆಟ್.

ಸ್ಟೀಫನ್ಸನ್ ಅವರ ನೆನಪಿಗೆ ಈಗ ಏನು ಉಳಿದಿದೆ?

ಮ್ಯಾರಿನೆಟ್‌ನಲ್ಲಿ ಅವರು ಊರಿಗೆ ಕೊಟ್ಟ ಗ್ರಂಥಾಲಯ ಅವರ ಹೆಸರಿನಲ್ಲೇ ಇದೆ. ಅವರ ಹೆಸರಿನ ಬ್ಯಾಂಕಿದೆ. ಎರಡು ರಾಜ್ಯಗಳ ನಡುವೆ, ಒಂದು ಕಾಲಕ್ಕೆ ದಿಮ್ಮಿಗಳು ತುಂಬಿರುತ್ತಿದ್ದ ಹೊಳೆಯಲ್ಲಿ, ಸ್ಟೀಫನ್ಸನ್ ದ್ವೀಪ ಎಂಬ ಸಣ್ಣ ಪಾರ್ಕು ಇದೆ. ಪೆಷ್ಟಿಗೋದಲ್ಲಿ ಬೆಂಕಿಯ ಸಂಗ್ರಹಾಲಯವಿದೆ, ಪಕ್ಕದಲ್ಲೇ ಆ ದೊಡ್ಡ ಸಮಾಧಿ.

1915ರ ಮಾರ್ಚ್‌ನಲ್ಲಿ, 85ನೇ ವಯಸ್ಸಿನಲ್ಲಿ ಸೆನೆಟ್ ಬಿಟ್ಟರು. ಅದೇ ವರ್ಷ ತಮ್ಮ ನೆನಪುಗಳನ್ನು ಪುಸ್ತಕ ಮಾಡಿಸಿದರು. ಮೂರು ವರ್ಷದ ನಂತರ ಮ್ಯಾರಿನೆಟ್‌ನಲ್ಲೇ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ ಸ್ಮಶಾನದ ಹೆಸರು 'ಫಾರೆಸ್ಟ್ ಹೋಮ್'. ಕನ್ನಡದಲ್ಲಿ ಹೇಳಿದರೆ, ಕಾಡುಮನೆ.